ಹಡಗಿನ ಉಕ್ಕು ತಿಳಿಯಾಗುವ ಹೊತ್ತು

ಐಎನ್‌ಎಸ್ ವಿಕ್ರಾಂತ್ ವಿಮಾನವಾಹಕ ಹಡಗು 2023ರಲ್ಲಿ ಕಾರವಾರದ ಕದಂಬ ನೌಕಾನೆಲೆಗೆ ಬಂದಾಗ ನಾವೆಲ್ಲ ಅದರ ಗಾತ್ರ ಕಂಡು ಬೆರಗಾದೆವು. ಬೆರಗಾಗಬೇಕಾದದ್ದು ಅದರ ಉಕ್ಕಿಗೆ. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ರೂಪಿಸಿ, ಸೇಲ್ ಉಕ್ಕು ಕಂಪನಿಯ ಕಾರ್ಖಾನೆಗಳು ತಯಾರಿಸಿದ ಸುಮಾರು 30,000 ಟನ್ ಉಕ್ಕು ಆ ಹಡಗಿನಲ್ಲಿದೆ.

ಇಂಥ ಉಕ್ಕಿಗೆ ಬಲ ಬರುವುದು ಬೆರೆಸಿದ್ದರಿಂದ ಎಷ್ಟೋ, ತೆಗೆದುಹಾಕಿದ್ದರಿಂದಲೂ ಅಷ್ಟೇ. ಕರಗಿದ ಉಕ್ಕಿನಲ್ಲಿ ಉಳಿದ ಆಮ್ಲಜನಕವನ್ನು ಹೀರಲು ಅಲ್ಯುಮಿನಿಯಂ ಹಾಕುತ್ತಾರೆ. ಎರಡೂ ಕೂಡಿ ಅಲ್ಯುಮಿನಾ ಕಣಗಳಾಗುತ್ತವೆ. ಒಂದು ಕೊಳೆ ತೊಳೆಯಲು ಹೋಗಿ ಇನ್ನೊಂದು ಹುಟ್ಟಿತು! ಎಷ್ಟೋ ಕಣಗಳು ತಲೆಗೂದಲಿಗಿಂತ ಸಣ್ಣವು. ಆದರೂ ಗಟ್ಟಿಯಾದ ಉಕ್ಕಿನೊಳಗೆ ಉಳಿದರೆ ಬಿರುಕು ಹುಟ್ಟಲು ಅವೇ ಸಾಕು. ವರ್ಷಗಟ್ಟಲೆ ಅಲೆಯ ಹೊಡೆತ ತಿನ್ನುವ ಹಡಗಿಗೆ ಅದು ಸಣ್ಣ ಮಾತಲ್ಲ.

ನಿರಂತರ ಎರಕದಲ್ಲಿ ಉಕ್ಕು ಲೇಡಲ್ ಎಂಬ ದೊಡ್ಡ ಪಾತ್ರೆಯಿಂದ ನೇರವಾಗಿ ಅಚ್ಚಿಗೆ ಇಳಿಯುವುದಿಲ್ಲ, ನಡುವೆ ಟಂಡಿಶ್ ಎಂಬ ತೊಟ್ಟಿಯಲ್ಲಿ ಕೆಲವು ನಿಮಿಷ ತಂಗುತ್ತದೆ. ಅಲ್ಲಿನ ಬಿಸಿ 1,500 ಡಿಗ್ರಿಗೂ ಮೇಲು. ಅಲ್ಯುಮಿನಾ ಉಕ್ಕಿಗಿಂತ ಹಗುರ, ಹಾಗಾಗಿ ಮೇಲೇರುತ್ತದೆ. ನಮ್ಮ ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲಿನ ಮಡ್ಡಿ ಮೇಲೆ ಬರುವಂತೆಯೇ. ಆದರೆ ಇಲ್ಲಿ ಜಾಲರಿ ಹಿಡಿದು ತೆಗೆಯುವವರಿಲ್ಲ. ಮೇಲೆ ಹರಡಿದ ಕಿಟ್ಟದ ಪದರವೇ ಕಣಗಳನ್ನು ನುಂಗಬೇಕು. ದೊಡ್ಡ ಕಣ ಬೇಗ ಏರುತ್ತದೆ. ಚಿಕ್ಕದಕ್ಕೆ ಹೊತ್ತು ಬೇಕು. ಆ ಹೊತ್ತು ಸಿಗಲೆಂದೇ ಟಂಡಿಶ್‌ನೊಳಗೆ ಚಿಕ್ಕ ಒಡ್ಡುಗಳನ್ನು ಕಟ್ಟಿ ಹರಿವನ್ನು ಮೇಲ್ಮುಖವಾಗಿ ತಿರುಗಿಸುತ್ತಾರೆ. ಕೆಲವೆಡೆ ತಳದಿಂದ ಆರ್ಗಾನ್ ಗುಳ್ಳೆಗಳನ್ನೂ ಬಿಡುತ್ತಾರೆ, ಕಣಗಳು ಅವಕ್ಕೆ ಅಂಟಿಕೊಂಡು ಏರುತ್ತವೆ.

ಇಷ್ಟಾದರೂ ಗಾಳಿ ತಾಗಿದರೆ ಹೊಸ ಕಣಗಳು ಹುಟ್ಟಿ ಪಟ್ಟ ಶ್ರಮವೆಲ್ಲ ವ್ಯರ್ಥ. ಅದಕ್ಕೇ ಉಕ್ಕಿನ ಧಾರೆಯನ್ನು ಬೆಂಕಿ ತಾಳುವ ಕೊಳವೆಯೊಳಗೇ ಇಳಿಸುತ್ತಾರೆ. ಲೇಡಲ್ ಬದಲಿಸುವ ಗಳಿಗೆಯೇ ಹೆಚ್ಚು ಅಪಾಯದ್ದು. ಆಗ ಟಂಡಿಶ್‌ನ ಮಟ್ಟ ಇಳಿದು, ಕಿಟ್ಟ ಸುಳಿಗೆ ಸಿಕ್ಕಿ ಒಳಕ್ಕೆ ಹೋಗಬಹುದು. ಆ ಹೊತ್ತಿನ ಎರಕದ ತುಂಡನ್ನು ಬೇರ್ಪಡಿಸಿ ಕೆಳದರ್ಜೆಯ ಕೆಲಸಕ್ಕೆ ಕಳಿಸುವ ಪದ್ಧತಿಯುಂಟು. ನಷ್ಟವಾದರೂ ಸರಿಯೆಂಬ ಈ ಹಟ ನನಗೆ ತುಂಬ ಹಿಡಿಸುತ್ತದೆ.

ಕಾರವಾರ, ಅಂಕೋಲೆಯ ಎಷ್ಟೋ ಹಳ್ಳಿಗರು ಇಂಥ ಹಡಗುಗಳು ತಂಗುವ ಕದಂಬ ನೌಕಾನೆಲೆಗಾಗಿ ಮನೆ, ಗದ್ದೆ ಬಿಟ್ಟವರು. ಅವರ ಮಕ್ಕಳು ಇಂದು ಐಟಿಐ ಮುಗಿಸಿ ಇಲ್ಲಿನ ಹಡಗು ದುರಸ್ತಿ ಯಾರ್ಡಿನ ತರಬೇತಿಗೆ ಅರ್ಜಿ ಹಾಕುತ್ತಾರೆ. ಬೆಸುಗೆ ಹಾಕುವುದನ್ನಷ್ಟೇ ಅಲ್ಲ, ಬೆಸೆಯುವ ತಗಡು ಯಾವ ತೊಟ್ಟಿಯಲ್ಲಿ ಹೇಗೆ ತಿಳಿಯಾಗಿ ಬಂತೆಂಬುದನ್ನೂ ಅವರಿಗೆ ಕಲಿಸಬೇಕು.