ಕೈಲಾಸದ ಹರಕೆ, ಬಿ.ಪಿ. ಮಾತ್ರೆ

ಪ್ರಶ್ನೆ: ಕೈಲಾಸ ಪರಿಕ್ರಮೆಗೆ ಹರಕೆ ಹೊತ್ತಿದ್ದೇನೆ. ವಯಸ್ಸು 63, ಬಿ.ಪಿ. ಇದೆ. ಹೇಳಿದರೆ ವೈದ್ಯರು ತಡೆಯುತ್ತಾರೆ. ಹೇಳದೆ ಹೋಗಬಹುದೇ? ಹೋಗದಿದ್ದರೆ ಹರಕೆ ತಪ್ಪಿದ ದೋಷವೇ?
— ಓದುಗರು, ಬೇಲೂರು

ಉತ್ತರ: ಮುಚ್ಚಿಡಬೇಡಿ. ತಾರಾಬಲ, ಚಂದ್ರಬಲ ನೋಡಿ ಪ್ರಯಾಣಕ್ಕೆ ದಿನ ಇಟ್ಟುಕೊಡೋದು ನನ್ನ ಕೆಲಸ. ಅದು ಉಸಿರಿಗೆ ಜಾಮೀನಲ್ಲ. ಪರಿಕ್ರಮೆಯಲ್ಲಿ ದಾಟಬೇಕಾದ ಡೋಲ್ಮಾ ಲಾ 5,600 ಮೀಟರಿಗೂ ಎತ್ತರ. ಅಲ್ಲಿ ಸಿಗುವ ಆಮ್ಲಜನಕ ಇಲ್ಲಿಯದರ ಅರ್ಧದಷ್ಟು. ಲಿಪುಲೇಖ ದಾರಿಯವರನ್ನು ದೆಹಲಿಯಲ್ಲಿ ಒಮ್ಮೆ, ಗುಂಜಿಯಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡೋದು ಅದಕ್ಕೇ. ನೀವು ಕುಸಿದರೆ ಹೊತ್ತು ಇಳಿಸಬೇಕಾದವರು ಜೊತೆಯವರು. ಅವರೂ ಹರಕೆ ಹೊತ್ತು ಬಂದವರೇ ಅಲ್ಲವೇ? ಅವರ ಪರಿಕ್ರಮೆ ಕೆಡಿಸಿ ನಿಮಗೆ ಯಾವ ಪುಣ್ಯ ಬಂದೀತು?

ಹಳೇಬೀಡಿನ ಗೋಡೆಯಲ್ಲಿ ರಾವಣ ಕೈಲಾಸ ಎತ್ತುತ್ತಿರೋದನ್ನ ನೋಡಿರುತ್ತೀರಿ. ಶಿವಭಕ್ತನೇ ಅನ್ನಿ, ಆದರೆ ಅಲ್ಲಿ ಕಾಣೋದು ಹಟ.

ಇನ್ನು ದೋಷದ ಮಾತು. ಸಂಕಲ್ಪದಲ್ಲಿ ‘ಯಥಾಶಕ್ತಿ’ ಅಂತ ಹೇಳಿಸುತ್ತೇವಲ್ಲ, ಅದು ಬರೀ ಬಾಯಿಮಾತಲ್ಲ. ವೈದ್ಯರು ಬೇಡ ಅಂದರೆ ನಿಮ್ಮ ಶಕ್ತಿಯ ಎಲ್ಲೆ ಅಷ್ಟು, ದೋಷವಿಲ್ಲ. ಅರಸೀಕೆರೆ ಶಿವಾಲಯದಲ್ಲಿ ಒಂದು ಸೋಮವಾರ ರುದ್ರಾಭಿಷೇಕ ಮಾಡಿಸಿ, ಹರಕೆಯ ಕಾಣಿಕೆಯನ್ನು ಹೋಗುವವರ ಕೈಲಿ ಕಳಿಸಿಕೊಡಿ. ವೈದ್ಯರು ಒಪ್ಪಿದರೆ ಸಂತೋಷ. ಎರಡು ತಿಂಗಳು ಮಾಲೇಕಲ್ಲು ತಿರುಪತಿಯ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿ, ಆಮೇಲೆ ಮಾತ್ರೆ, ಚೀಟಿ ಸಮೇತ ಹೊರಡಿ.