ಒಣಗಿದ ಗಿಡದ ಮುಂದೆ

ನಮ್ಮ ಹ್ಯೂಸ್ಟನ್ನಿನಲ್ಲಿ ಹಿತ್ತಲಿರುವ ಕನ್ನಡಿಗರ ಮನೆಗಳಲ್ಲಿ ಕರಿಬೇವಿನ ಗಿಡವಿಲ್ಲದ ಮನೆ ಕಡಿಮೆ. ಆದ್ದರಿಂದ 2021ರ ಫೆಬ್ರವರಿಯ ಚಳಿಯನ್ನು ಯಾರಿಗೂ ಹೊಸದಾಗಿ ವರ್ಣಿಸಬೇಕಾಗಿಲ್ಲ. 16ನೇ ತಾರೀಖು ಬೆಳಿಗ್ಗೆ ಇಲ್ಲಿ 13 ಡಿಗ್ರಿ ಫ್ಯಾರನ್‌ಹೀಟ್. ಊರಿನ ಲೆಕ್ಕದಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗೆ. ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಟೆಕ್ಸಸ್ ಸರಕಾರದ ಲೆಕ್ಕದಂತೆ ಆ ಚಳಿಗೆ ರಾಜ್ಯದಲ್ಲಿ ಸತ್ತವರು 246 ಮಂದಿ. ಅಂಥ ಸಾವಿನ ಮುಂದೆ ಗಿಡದ ಮಾತು ಸಣ್ಣದು, ನಿಜ. ಆದರೆ ನನ್ನ ಸ್ವಭಾವದ ಒಂದು ದೋಷ ನನಗೆ ಕಂಡದ್ದು ಆ ಸಣ್ಣ ಮಾತಿನಲ್ಲೇ. ಅದಕ್ಕಾಗಿ ಈ ಬರಹ.

ಫೆಬ್ರವರಿ ಮುಗಿಯುವ ಹೊತ್ತಿಗೆ ಹಿತ್ತಲೆಲ್ಲ ಕಂದು ಬಣ್ಣ. ಬಾಳೆ ಕೊಳೆತು ಬಾಗಿತ್ತು, ಮಲ್ಲಿಗೆ ಪೊರಕೆಕಡ್ಡಿಯಾಗಿತ್ತು. ನಾನು ಒಂದು ನೋಟುಬುಕ್ಕಿನಲ್ಲಿ ಗಿಡಗಳ ಹೆಸರು ಬರೆದು, ಸತ್ತದ್ದು, ಬದುಕಿದ್ದು ಎಂದು ಎರಡು ಸಾಲು ಮಾಡಿದೆ. ಹನ್ನೆರಡು ವರ್ಷದ ಕರಿಬೇವನ್ನು ಸತ್ತ ಸಾಲಿಗೆ ಸೇರಿಸಿ, ಮುಂದಿನ ಶನಿವಾರವೇ ಸಲಿಕೆ ಹಿಡಿದು ಬುಡಸಮೇತ ಅಗೆದೆ. ಕೊನೆಯ ಬೇರನ್ನು ಕತ್ತರಿಸಿದಾಗ ಒಳಗೆ ಬೆಳ್ಳಗೆ, ಹಸಿಯಾಗಿ ಇತ್ತು. ಆಗಲೇ ಗೊತ್ತಾಯಿತು, ಆದರೆ ಕೆಲಸ ಮುಗಿದುಹೋಗಿತ್ತು.

ನಮ್ಮ ಸಂಘದವರೇ ಆದ ಇನ್ನೊಬ್ಬರು ಅದೇ ಬೀದಿಯ ಕೊನೆಯಲ್ಲಿದ್ದಾರೆ. ಅವರ ಗಿಡವೂ ಒಣಕೋಲಾಗಿತ್ತು. ಅವರು ಸುಮ್ಮನೆ ಬಿಟ್ಟರು. ಬೇಸಿಗೆ ಹತ್ತಿರವಾದಾಗ ಬುಡದಿಂದ ಕೆಂಪು ಚಿಗುರು ಬಂತು. ಇವತ್ತಿಗೂ ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾನು ಸ್ವಲ್ಪ ಹೊತ್ತು ಮಾತು ನಿಲ್ಲಿಸುತ್ತೇನೆ.

ತೋಟ ಬಲ್ಲವರು ಇದನ್ನೆಲ್ಲ ಮೊದಲೇ ಹೇಳುತ್ತಾರೆ. ತುದಿಯಿಂದ ಶುರುಮಾಡಿ ತೊಗಟೆಯನ್ನು ಉಗುರಿನಿಂದ ಕೆರೆಯಬೇಕು. ಒಳಗೆ ಹಸಿರಿದ್ದರೆ ಜೀವವಿದೆ. ಕಂದಾಗಿದ್ದರೆ ಇನ್ನೂ ಕೆಳಗೆ ಕೆರೆದು ನೋಡಬೇಕು. ಕೊಳೆತದ್ದನ್ನು ತೆಗೆಯಬಹುದು, ಒಣಗಿದ್ದನ್ನು ಕತ್ತರಿಸಲು ಅವಸರ ಪಡಬಾರದು. ಗೊಬ್ಬರವನ್ನೂ ಕೂಡಲೇ ಹಾಕಬಾರದು. ಎಳೆಯ ಚಿಗುರು ಬಂದ ಮೇಲೆ ಮತ್ತೊಂದು ಚಳಿ ಬಿದ್ದರೆ ಅದೂ ಹೋಗುತ್ತದೆ. ಕೊಂಬೆ ಸಾಯುವುದು ಬೇರೆ, ಗಿಡ ಸಾಯುವುದು ಬೇರೆ.

ಇದು ನನಗೆ ಗೊತ್ತಿರಲಿಲ್ಲವೇ? ಅಲ್ಪಸ್ವಲ್ಪ ಗೊತ್ತಿತ್ತು. ಆದರೂ ಅಗೆದೆ. ಏಕೆಂದರೆ ಆ ಒಣಕೋಲು ನನ್ನ ಕಡೆ ಬೆರಳು ತೋರಿಸುತ್ತಿತ್ತು. ಆ ರಾತ್ರಿ ಹೊರಗೆ ಹೊದಿಸಲು ನಮ್ಮಲ್ಲಿ ಉಳಿದಿದ್ದ ಎರಡು ಕಂಬಳಿಗಳನ್ನೂ ದುಡ್ಡು ಕೊಟ್ಟು ತಂದಿದ್ದ ಕಸಿ ನಿಂಬೆಗೆ ಹೊದಿಸಿದ್ದೆ. ಕರಿಬೇವು ಹೇಗೋ ತಡೆದುಕೊಳ್ಳುತ್ತದೆ ಎಂದುಕೊಂಡಿದ್ದೆ. ನನ್ನ ತಪ್ಪನ್ನು ದಿನಾ ನೋಡುವ ಸಂಕಟ ತಪ್ಪಿಸಿಕೊಳ್ಳಲು ‘ಸತ್ತಿದೆ’ ಎಂದು ತೀರ್ಪು ಕೊಟ್ಟೆ. ತೀರ್ಪು ಗಿಡದ ಬಗ್ಗೆ ಇರಲಿಲ್ಲ; ನನ್ನ ಮನಸ್ಸಿನ ನೆಮ್ಮದಿಗಾಗಿ ಇತ್ತು.

ಹೀಗೆ ನಾನು ಬೇರೆ ಏನನ್ನು ಅಗೆದು ಎಸೆದಿದ್ದೇನೆ ಎಂದು ಯೋಚಿಸಿದಾಗ ನೆನಪಾದದ್ದು ಊರಿನಲ್ಲಿರುವ ಅಣ್ಣ. ತಂದೆಯವರು ಹೋದ ಮೇಲೆ ಜಮೀನು ಪಾಲಾದಾಗ ಆಡಬಾರದ ಮಾತು ಆಡಿದ್ದು ಇಬ್ಬರೂ. ಒಂಬತ್ತು ವರ್ಷ ಫೋನಿಲ್ಲ. ‘ಆ ಸಂಬಂಧ ಮುಗಿಯಿತು’ ಎಂದು ಹೆಂಡತಿಗೆ ಎಷ್ಟೋ ಸಲ ಹೇಳಿದ್ದೆ. ಆ ಮೇ ತಿಂಗಳಲ್ಲಿ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಅಣ್ಣ ಕೇಳಿದ: “ಫೆಬ್ರವರಿಯಲ್ಲಿ ನಿಮ್ಮ ಕಡೆ ಕರೆಂಟ್ ಹೋಗಿತ್ತಂತೆ, ಟಿ.ವಿ.ಯಲ್ಲಿ ನೋಡಿದೆ. ಮಕ್ಕಳಿಗೆ ಏನೂ ಆಗಲಿಲ್ಲ ತಾನೆ?” ನೋಡಿದ್ದ, ಹೆದರಿದ್ದ, ಫೋನ್ ಮಾತ್ರ ಮಾಡಿರಲಿಲ್ಲ. ತೊಗಟೆಯ ಕೆಳಗೆ ಹಸಿರಿತ್ತು.

ಇಲ್ಲಿಗೇ ನಿಲ್ಲಿಸಿದರೆ ‘ತಾಳಿದವನು ಬಾಳಿಯಾನು’ ಎಂಬ ಗಾದೆಗೆ ಒಂದು ಉದಾಹರಣೆ ಕೊಟ್ಟಂತಾಗುತ್ತದೆ. ಆದರೆ ಕಂಬಳಿ ಹೊದ್ದ ನಿಂಬೆಯ ಕಥೆ ಬೇರೆ. ಅದೂ ಮೇಲೆಲ್ಲ ಒಣಗಿ, ಬುಡದಿಂದ ಚಿಗುರಿತು. ಪಾಠ ಕಲಿತವನಂತೆ ನಾನು ನೀರು ಹಾಕಿದೆ, ಬಂದವರಿಗೆಲ್ಲ ತೋರಿಸಿದೆ. ಚಿಗುರು ಬಂದಿದ್ದು ಕಸಿಯ ಗಂಟಿಗಿಂತ ಕೆಳಗಿನಿಂದ. ಉದ್ದುದ್ದ ಮುಳ್ಳು, ಮೂರು ಮೂರು ಎಲೆ. ಅದು ಕಸಿಕಟ್ಟಲು ಬಳಸಿದ ಬೇರೆ ಜಾತಿಯ ಬುಡ. ನನ್ನ ನಿಂಬೆ ಸತ್ತಿತ್ತು. ಕಣ್ಣಿಗೆ ಕಾಣುತ್ತಿದ್ದರೂ ಎರಡು ವರ್ಷ ಒಪ್ಪಲಿಲ್ಲ.

ಹಾಗಾದರೆ ಅವಸರವೂ ತಪ್ಪು, ಕಾಯುವುದೂ ತಪ್ಪೇ? ನನಗೆ ತೋರುವುದು ಇಷ್ಟು: ಎರಡು ಸಲವೂ ನಾನು ಗಿಡವನ್ನು ನೋಡಲಿಲ್ಲ. ಒಮ್ಮೆ ನನ್ನ ಅಪರಾಧಭಾವವನ್ನು ನೋಡಿದೆ, ಇನ್ನೊಮ್ಮೆ ನನ್ನ ಆಸೆಯನ್ನು ನೋಡಿದೆ. ತಾಳ್ಮೆ ತನ್ನಷ್ಟಕ್ಕೆ ತಾನೇ ಗುಣವಲ್ಲ; ಕಣ್ಣು ತೆರೆದು ಕಾಯುವುದು ಗುಣ. ಅಣ್ಣನ ವಿಷಯವೂ ಹಾಗೇ. ಈಗ ತಿಂಗಳಿಗೊಮ್ಮೆ ಮಾತಾಡುತ್ತೇವೆ, ಜಮೀನಿನ ಮಾತು ಬರುವುದಿಲ್ಲ. ಇದು ಹಳೆಯ ಬೇರಿನ ಚಿಗುರೋ, ಬೇರೆಯದೇ ಗಿಡವೋ, ಇನ್ನೂ ನೋಡುತ್ತಿದ್ದೇನೆ.

ಈಗ ನನ್ನ ನೋಟುಬುಕ್ಕಿನಲ್ಲಿ ಮೂರು ಸಾಲುಗಳಿವೆ: ಸತ್ತದ್ದು, ಬದುಕಿದ್ದು, ಇನ್ನೂ ತಿಳಿಯದ್ದು. ಮೂರನೆಯದರ ಪಕ್ಕದಲ್ಲಿ ಮತ್ತೆ ಯಾವತ್ತು ಹೋಗಿ ನೋಡಬೇಕು ಎಂಬ ತಾರೀಖು ಬರೆಯುತ್ತೇನೆ. ಮುಂದಿನ ಚಳಿಯ ನಂತರ ನೀವೂ ಸಲಿಕೆ ಹುಡುಕುವ ಮೊದಲು ಒಮ್ಮೆ ಉಗುರಿನಿಂದ ಕೆರೆದು ನೋಡಿ. ಹಿತ್ತಲಿನಲ್ಲಿ ಮಾತ್ರವಲ್ಲ.