ಬೇರೆಯವರ ಕಂಪ್ಯೂಟರು

ಒಬ್ಬರಿಗೆ ಒಳ್ಳೆಯದಾಗಲೆಂದು ಅವರ ವಸ್ತುವನ್ನು ನಾವು ಎಷ್ಟರ ಮಟ್ಟಿಗೆ ಬದಲಾಯಿಸಬಹುದು? ಪ್ರಶ್ನೆ ಹೊಸದಲ್ಲ. ಸೊಸೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒಪ್ಪವಾಗಿ ಜೋಡಿಸಿಟ್ಟು, ಅಂದಿನಿಂದ ಅತ್ತೆ ಸಾಸಿವೆಗೂ ಸೊಸೆಯನ್ನೇ ಕೇಳಬೇಕಾಗಿ ಬಂದ ಮನೆಗಳಲ್ಲೆಲ್ಲ ಇದು ಎದ್ದಿದೆ. ಈಗ ಕಂಪ್ಯೂಟರಿನ ನೆಪದಲ್ಲಿ ಮತ್ತೆ ಎದ್ದಿರುವುದರಿಂದ ಇಲ್ಲಿ ಎತ್ತಿಕೊಂಡಿದ್ದೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಮುಂದಿನ ಆವೃತ್ತಿ ಬೇಡುವ ಭದ್ರತಾ ಚಿಪ್ಪು, ಹೊಸ ಪ್ರೊಸೆಸರು ಹಳೆಯ ಯಂತ್ರಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಹತ್ತು ವರ್ಷ ತಕರಾರಿಲ್ಲದೆ ನಡೆದ ಯಂತ್ರವನ್ನು ರಿಚಿ ಸ್ಟ್ರೀಟಿನಲ್ಲಿ ಸಿಕ್ಕಿದ ಬೆಲೆಗೆ ಕೊಟ್ಟುಬಿಡುವುದೇ, ಇಲ್ಲವೆ ಲಿನಕ್ಸ್ ಹಾಕಿ ಇನ್ನೂ ನಾಲ್ಕಾರು ವರ್ಷ ನಡೆಸುವುದೇ ಎಂಬ ಮಾತು ಈ ಊರಿನಲ್ಲೂ ನಡೆದಿದೆ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ತಿರುಳು, ಅದಕ್ಕೂ ಮೊದಲು, 1983ರಲ್ಲಿ, ರಿಚರ್ಡ್ ಸ್ಟಾಲ್ಮನ್ ಸಾರಿದ ಗ್ನೂ ಯೋಜನೆಯ ಸಲಕರಣೆಗಳು—ಇವೆರಡೂ ಕೂಡಿ ಆದದ್ದು ಇಂದಿನ ಲಿನಕ್ಸ್. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಇಂಗ್ಲಿಷಿನವರು ಇದನ್ನು ‘ಫ್ರೀ’ ಎಂದು ಕರೆದು, ಬಿಟ್ಟಿ ಎಂಬ ಅರ್ಥದಲ್ಲಲ್ಲ, ಸ್ವತಂತ್ರ ಎಂಬ ಅರ್ಥದಲ್ಲಿ ಎಂದು ಇಂದಿಗೂ ವಿವರಿಸುತ್ತಲೇ ಇದ್ದಾರೆ. ನಮಗೆ ಆ ತೊಂದರೆಯಿಲ್ಲ, ಎರಡು ಪದಗಳಿವೆ. ಆದರೆ ಸ್ವತಂತ್ರವಾಗಬೇಕಾದದ್ದು ತಂತ್ರಾಂಶವೇ, ಅದರ ಮುಂದೆ ಕೂತವರೇ?

ಪಶ್ಚಿಮ ಮಾಂಬಲದಲ್ಲಿರುವ ನನ್ನ ಪರಿಚಯದ ನಿವೃತ್ತರೊಬ್ಬರ ಮನೆಗೆ ಅವರ ಸೋದರಳಿಯ ಒಂದು ಭಾನುವಾರ ಬಂದು, ಸಂಜೆಯೊಳಗೆ ಹಳೆಯದನ್ನೆಲ್ಲ ಅಳಿಸಿ ಲಿನಕ್ಸ್ ಹಾಕಿದ. ಕಡತಗಳನ್ನು ಜೋಪಾನವಾಗಿ ನಕಲು ಮಾಡಿಯೇ ಇಟ್ಟಿದ್ದ. ಆದರೆ ಮಾವ ಇಪ್ಪತ್ತು ವರ್ಷ ಬರೆದ ಪತ್ರಗಳೂ ವಂಶಾವಳಿಯೂ ಯೂನಿಕೋಡಿಗಿಂತ ಹಿಂದಿನ ಪದ್ಧತಿಯ ಫಾಂಟಿನವು. ಆ ಪದ್ಧತಿಯಲ್ಲಿ ಕಂಪ್ಯೂಟರಿಗೆ ಕನ್ನಡವೆಂಬುದು ಗೊತ್ತೇ ಇರುವುದಿಲ್ಲ. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿರುತ್ತಾರೆ, ಅಷ್ಟೇ. ಫಾಂಟು ಹೋದೊಡನೆ ಮುತ್ತಜ್ಜನ ಹೆಸರು ತಲೆಯ ಮೇಲೆ ಕೊಂಬುಗಳಿರುವ ಯೂರೋಪಿನ ಅಕ್ಷರಗಳಾಗಿ ನಿಂತಿತು. “ಇನ್ನು ನೀವು ಸ್ವತಂತ್ರರು ಮಾವ” ಎಂದ ಹುಡುಗನಿಗೆ ಅವರೆಂದರು: “ಸ್ವಾತಂತ್ರ್ಯ ಸರಿ ಕಣೋ, ನನ್ನ ಅಕ್ಷರ ಎಲ್ಲಿಗೆ ಹೋಯ್ತು?”

ಹುಡುಗನ ವಾದವನ್ನು ಅಲ್ಲಗಳೆಯುವುದು ಸುಲಭವಲ್ಲ. ಅಂಗಡಿಯಿಂದ ಒಂದು ಬಾಳೆಹಣ್ಣನ್ನೂ ದುಡ್ಡು ಕೊಡದೆ ತಾರದ ಜನ ವರ್ಷಗಟ್ಟಲೆ ವಿಂಡೋಸಿನ ಕದ್ದ ಪ್ರತಿ ಹಾಕಿಸಿಕೊಂಡು ನಿಶ್ಚಿಂತೆಯಾಗಿದ್ದೇವೆ. ಅದು ತಪ್ಪೆಂದು ಅವನಿಗೆ ನಿಜವಾಗಿ ಅನಿಸಿದೆ. ಅಲ್ಲದೆ, ಯಾರೂ ಒತ್ತದಿದ್ದರೆ ಯಾರೂ ಬದಲಾಗುವುದಿಲ್ಲ ಎಂದೂ ಅವನು ಹೇಳುತ್ತಾನೆ.

ಹೀಗೆ ಒತ್ತಿದ್ದಕ್ಕೆ ನಮ್ಮ ಚೆನ್ನೈಯಲ್ಲೇ ಉದಾಹರಣೆಯಿದೆ. ಇಲ್ಲಿನ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧಾರದ ಮೇಲೆ, ಭಾರತೀಯ ಭಾಷೆಗಳ ಅನುಕೂಲ ಸೇರಿಸಿ, ‘ಬಾಸ್’ ಎಂಬ ಲಿನಕ್ಸನ್ನು 2007ರಲ್ಲಿ ಹೊರತಂದಿತು. 2011ರಲ್ಲಿ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಹಂಚತೊಡಗಿದ ಲ್ಯಾಪ್‌ಟಾಪುಗಳಲ್ಲಿ ವಿಂಡೋಸಿನ ಪಕ್ಕದಲ್ಲೇ ಬಾಸ್ ಕೂಡ ಇತ್ತು. ಯಂತ್ರ ಹಚ್ಚಿದಾಗ ಯಾವುದು ಬೇಕೆಂದು ಆರಿಸಿಕೊಳ್ಳಬಹುದು. ಆಯ್ಕೆ ಎಂಬುದೇ ಸ್ವಾತಂತ್ರ್ಯವಾಗಿದ್ದರೆ ಇದಕ್ಕಿಂತ ನ್ಯಾಯವಾದ ಏರ್ಪಾಡಿಲ್ಲ. ಆದರೆ ಎರಡನೆಯ ಬಾಗಿಲ ಹಿಂದೆ ಏನಿದೆಯೆಂದು ಹೇಳುವವರು ಮನೆಯಲ್ಲೂ ಇಲ್ಲ, ಬೀದಿಯಲ್ಲೂ ಇಲ್ಲ ಎನ್ನುವಾಗ ಮಕ್ಕಳು ಪರಿಚಿತವಾದದ್ದನ್ನೇ ತೆರೆದರೆ ಅವರನ್ನು ದೂರುವಂತಿಲ್ಲ.

ಇದಕ್ಕೆ ವಿರುದ್ಧವಾದದ್ದು ಕಾಸರಗೋಡು. ಕೇರಳದ ಐ.ಟಿ. ಅಟ್ ಸ್ಕೂಲ್ ಯೋಜನೆ, ಈಗಿನ ಹೆಸರಿನಲ್ಲಿ ಕೈಟ್, ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಾಗ ಅಲ್ಲಿನ ಕನ್ನಡ ಶಾಲೆಗಳೂ ಅದರೊಳಗೆ ಬಂದವು. ಮಕ್ಕಳನ್ನು ಯಾರೂ ‘ಯಾವುದು ಬೇಕು’ ಎಂದು ಕೇಳಲಿಲ್ಲ. ಆದರೆ ಅಧ್ಯಾಪಕರಿಗೆ ತರಬೇತಿಯಿತ್ತು, ಮಕ್ಕಳಿಗೆ ಕನ್ನಡದಲ್ಲೇ ಪಠ್ಯಪುಸ್ತಕವಿತ್ತು. ಆಯ್ಕೆಯಿಲ್ಲದೆ ಕಲಿತ ಈ ಮಗುವಿಗೆ ಯಂತ್ರವನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುವ ಕೈ ಬರುತ್ತದೆ. ಆಯ್ಕೆಯಿದ್ದೂ ಹೇಳಿಕೊಡುವವರಿಲ್ಲದ ಮಗುವಿಗೆ ಅದು ಬರುವುದು ಅಪರೂಪ. ಇದನ್ನು ಒಪ್ಪಿಕೊಳ್ಳಲು ನನಗೆ ಅಷ್ಟೇನೂ ಹಿತವಿಲ್ಲ, ಆದರೂ ಹಾಗೇ ತೋರುತ್ತದೆ.

ಹಾಗೆಂದು ಸೋದರಳಿಯ ಗೆದ್ದನೆಂದಲ್ಲ. ಎಪ್ಪತ್ತು ದಾಟಿದವರು ಶಾಲೆಯ ಮಕ್ಕಳಲ್ಲ; ಅವರ ಬೆರಳುಗಳಿಗೆ ಆಗಲೇ ಒಂದು ಪಾಠವಾಗಿದೆ, ಆ ಯಂತ್ರದಲ್ಲಿ ಅವರ ಬಾಳಿನ ಒಂದು ಭಾಗವಿದೆ. ಲಿನಕ್ಸ್ ಮಿಂಟ್‌ನಂಥದ್ದನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಒಳಗಿನದನ್ನು ಮುಟ್ಟಬೇಕಾಗಿಲ್ಲ. ಒಪ್ಪಿಗೆಯಾದರೆ ಹಳೆಯದರ ಪಕ್ಕದಲ್ಲೇ ಹಾಕಬಹುದು. ಕೆಳಗಿನ ಪಟ್ಟಿ, ಎಡಮೂಲೆಯ ಗುಂಡಿ ಎಲ್ಲವನ್ನೂ ಹಳೆಯದರಂತೆಯೇ ಇಡಬಹುದು. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ಇಲ್ಲಿಯೂ ಇದೆ, ಬೆರಳು ಹೊಸದಾಗಿ ಕಲಿಯಬೇಕಾದ್ದಿಲ್ಲ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳೂ ಇವೆ. ಅರ್ಕಾವೊತ್ತು ಒಂದೊಂದು ಕಡೆ ಎಡವಿದರೆ ಕೂತು ತಿದ್ದಬೇಕು. ಇದಕ್ಕೆಲ್ಲ ಒಂದು ಭಾನುವಾರ ಸಾಲದು, ನಾಲ್ಕು ಬೇಕು. ಒಳ್ಳೆಯದನ್ನು ಮಾಡಹೊರಟವನು ತನ್ನ ಹೊತ್ತನ್ನು ಉಳಿಸಿಕೊಳ್ಳಲು ಇನ್ನೊಬ್ಬರ ಅಭ್ಯಾಸವನ್ನು ಅಳಿಸಿದರೆ ಅದನ್ನು ಉಪಕಾರವೆನ್ನಲು ನನಗೆ ಬಾಯಿ ಬರುವುದಿಲ್ಲ. ಐ.ಐ.ಟಿ. ಆವರಣದಲ್ಲಿ ವರ್ಷಗಟ್ಟಲೆ ತಿಂಗಳಿಗೊಮ್ಮೆ ಸೇರಿ ಹೊಸಬರ ಸಂದೇಹ ತೀರಿಸುತ್ತಿದ್ದ ಚೆನ್ನೈಯ ಲಿನಕ್ಸ್ ಬಳಗದವರು ಕೊಟ್ಟದ್ದೂ ಮುಖ್ಯವಾಗಿ ತಮ್ಮ ಹೊತ್ತನ್ನೇ.

ಇನ್ನೊಂದು ವಿಷಯವುಂಟು. ಹುಡುಗ ಅಭಿಮಾನದಿಂದ ಮೆನುಗಳನ್ನೂ ಕನ್ನಡಕ್ಕೆ ತಿರುಗಿಸಿದ್ದ. ಸ್ವಯಂಸೇವಕರು ಸಂಬಳವಿಲ್ಲದೆ ಮಾಡಿದ ಅನುವಾದ. ಅವರ ಶ್ರಮಕ್ಕೆ ಕೈಮುಗಿಯಬೇಕು. ಮಾವ ಮಾತ್ರ ‘ಫೈಲು’ ಎಲ್ಲಿ ಎಂದು ಹುಡುಕುತ್ತಿದ್ದರು. ‘ಕಡತ’ ಎಂದರೆ ಅವರ ಮಟ್ಟಿಗೆ ಹಿಂದಿನವರು ಮಸಿ ಬಳಿದ ಬಟ್ಟೆಯ ಮಡಿಕೆಗಳಲ್ಲಿ ಬರೆದಿಟ್ಟ ಲೆಕ್ಕ. ತಮಗೆ ಬರೆಯಲು ಕನ್ನಡ ಸಾಕು, ಗುಂಡಿಗಳು ಇಂಗ್ಲಿಷಿನಲ್ಲೇ ಇರಲಿ ಎಂದರು. ಹುಡುಗನಿಗೆ ಮುಖ ಸಣ್ಣದಾಯಿತು. ಅಷ್ಟು ಕನ್ನಡ ಬಲ್ಲವರು ಹೀಗೆನ್ನಬಹುದೆ ಎಂದು ನನ್ನನ್ನು ಕೇಳಿದ. ಯಂತ್ರ ಅವರದಲ್ಲವೇನಪ್ಪಾ ಎಂದೆ. ಅವನು ತಿರುಗಿ ಇಂಗ್ಲಿಷಿಗೆ ಹಾಕಿಕೊಟ್ಟ. ಹಾಗೆ ಹಾಕುವುದು ಹೇಗೆಂದು ಮಾವನಿಗೂ ತೋರಿಸಿದ.